ಯಾರ ಶ್ರುತಿಗೆ ಯಾರು?

ಹಾಡಿಕೆ ಶುರುವಾಗುವ ಮೊದಲು ಶ್ರುತಿ ಕೂಡಿಸುವ ಹೊತ್ತೊಂದು ಇರುತ್ತದೆ. ತಂಬೂರಿಯವರು ಬಿರಡೆ ತಿರುವುತ್ತಾರೆ, ತಬಲಾದವರು ಸಣ್ಣ ಸುತ್ತಿಗೆಯಿಂದ ಅಂಚು ಬಡಿಯುತ್ತಾರೆ. ಕೂತ ಜನ ಅಷ್ಟರಲ್ಲಿ ಎಲೆಅಡಿಕೆ ಹಾಕಿಕೊಂಡು ಊರ ಮಾತು ಆಡುತ್ತಿರುತ್ತಾರೆ. ಅದನ್ನು ಸಂಗೀತವೆಂದು ಯಾರೂ ಎಣಿಸುವುದಿಲ್ಲ. ಆದರೆ ಆ ಐದು ಮಿನಿಟಿನಲ್ಲಿ ಒಂದು ದೊಡ್ಡ ನಿರ್ಣಯ ಆಗಿಹೋಗಿರುತ್ತದೆ: ಇಂದಿನ ಸಭೆಯಲ್ಲಿ ಯಾರ ಶ್ರುತಿಗೆ ಯಾರು ಬಂದು ಸೇರಬೇಕು ಎಂಬುದು.

ನಮ್ಮ ಪದ್ಧತಿಯಲ್ಲಿ ಹಾಡುವವರ ಕಂಠಕ್ಕೆ ವಾದ್ಯದವರು ಕೂಡಿಕೊಳ್ಳುತ್ತಾರೆ. ನಮ್ಮೂರ ಹೆಸರನ್ನು ಹೊತ್ತು ಲೋಕವೆಲ್ಲ ತಿರುಗಿದ ಗಂಗೂಬಾಯಿ ಹಾನಗಲ್ಲ (1913–2009) ಅವರನ್ನೇ ನೆನೆಯಿರಿ. ಗಂಟಲಿನ ಶಸ್ತ್ರಚಿಕಿತ್ಸೆಯ ಮೇಲೆ ಅವರ ದನಿ ಭಾರವಾಯಿತು. ಕೇಳಿದವರು ಗಂಡಸಿನ ದನಿ ಎಂದರು. ಹೆಣ್ಣುದನಿ ಎಂದರೆ ಇಷ್ಟೆತ್ತರದಲ್ಲಿ ಇರಬೇಕು ಎಂದು ಯಾರೋ ಗೆರೆ ಎಳೆದದ್ದಕ್ಕೆ ಅವರು ತಮ್ಮ ದನಿಯನ್ನು ಎತ್ತಿಕಟ್ಟಲು ಹೋಗಲಿಲ್ಲ. ತಂಬೂರಿಯೇ ಅವರಿದ್ದಲ್ಲಿಗೆ ಇಳಿದು ಬಂತು. ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯೆ ಆ ತಗ್ಗಿನ ಶ್ರುತಿಯಲ್ಲೇ ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿದರು.

ಕಚೇರಿಯಲ್ಲಿ ಹೀಗೆ ಸರಳವಾಗಿ ನಡೆಯುವುದು ಬದುಕಿನಲ್ಲಿ ನಡೆಯುವುದಿಲ್ಲ. ಸೊಸೆ ಅತ್ತೆಯ ಮನೆಯ ಶ್ರುತಿಗೆ, ಆಳು ಒಡೆಯನ ಶ್ರುತಿಗೆ, ಹಳ್ಳಿ ಪಟ್ಟಣದ ಶ್ರುತಿಗೆ ಕೂಡಿಕೊಳ್ಳಬೇಕು. ಹೀಗೆ ಕೂಡಿಕೊಳ್ಳುವುದರಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ? ಈ ಪ್ರಶ್ನೆ ನನಗೆ ಹತ್ತಿದ್ದು ಪೇಟಿಯ ದೆಸೆಯಿಂದ.

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಪೇಟಿ ಇಲ್ಲದ ಊರು ಸಿಗುವುದು ಕಷ್ಟ. ಶ್ರಾವಣದ ಭಜನೆಗೆ ಪೇಟಿ ಬೇಕು, ಪುರಾಣಕ್ಕೆ ಬೇಕು, ನಾಟಕಕ್ಕಂತೂ ಬೇಕೇ ಬೇಕು. ಶಾಲೆಯ ಪ್ರಾರ್ಥನೆಗೂ ಅದೇ. ಒಮ್ಮೆ ಎಂಟನೆಯ ಇಯತ್ತೆಯ ಹುಡುಗನೊಬ್ಬ, "ಅಕ್ಕೋರ, ಪೇಟಿ ಯಾವ ಊರಿಂದ್ರಿ?" ಎಂದು ಕೇಳಿದ. ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸುವ ನಾನು ಎರಡೂ ವಿಷಯಗಳ ಪುಸ್ತಕ ತಿರುವಿದರೂ ಉತ್ತರ ಇರಲಿಲ್ಲ. ಹುಡುಕುತ್ತ ಹೋದೆ. ಪೇಟಿಯಿಂದ ಪಾದ್ರಿಗಳ ಗುಡಿಗೆ, ಅಲ್ಲಿಂದ ಕಂಪನಿ ಸರಕಾರದ ಕೋಟೆಗೆ, ಅಲ್ಲಿಂದ ಕಲಕತ್ತೆಯ ಬಿಳಿಯರ ಬಂಗಲೆಗಳ ದಿವಾನಖಾನೆಗೆ ದಾರಿ ಒಯ್ದಿತು. ಆ ದಾರಿಯಲ್ಲಿ ಕಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳಿ, ಅವು ನನ್ನ ಪ್ರಶ್ನೆಗೆ ಏನು ಕಲಿಸಿದವೆಂಬುದನ್ನು ಓದುಗರ ಮುಂದೆ ಇಡುತ್ತೇನೆ.

ಹದಿನೆಂಟನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಜನ ಮದರಾಸು, ಮುಂಬಯಿ, ಕಲಕತ್ತೆಗಳಲ್ಲಿ ಬಿಡಾರ ಊರಿದ್ದರು. ಇಂಗ್ಲೆಂಡಿನಿಂದ ಆಫ್ರಿಕದ ತುದಿ ಬಳಸಿ ಹಡಗು ಇಲ್ಲಿಗೆ ಬರಲು ಐದಾರು ತಿಂಗಳು ಬೇಕು. ಆ ಹಡಗಿನಲ್ಲಿ ಮದ್ದುಗುಂಡು, ಮದ್ಯ, ಬಟ್ಟೆಗಳ ಜೊತೆ ಹಾರ್ಪ್ಸಿಕಾರ್ಡ್ ಎಂಬ ತಂತಿವಾದ್ಯವೂ ಬರುತ್ತಿತ್ತು, ಮುಂದೆ ಪಿಯಾನೊ ಬಂತು. ಇವು ಮೇಜಿನಷ್ಟು ದೊಡ್ಡ ವಾದ್ಯಗಳು. ಹಾರ್ಪ್ಸಿಕಾರ್ಡಿನಲ್ಲಿ ಪಟ್ಟಿ ಒತ್ತಿದರೆ ಒಳಗೆ ಗರಿಯ ಸಣ್ಣ ತುಣುಕೊಂದು ತಂತಿಯನ್ನು ಮೀಟುತ್ತದೆ. ತಂಪು ದೇಶದಲ್ಲಿ ಮಾಡಿದ ಕಟ್ಟಿಗೆಯ ಪೆಟ್ಟಿಗೆ ಬಂಗಾಲದ ಬೇಸಿಗೆಗೆ ಬಿರುಕು ಬಿಡುತ್ತಿತ್ತು, ಮಳೆಗಾಲಕ್ಕೆ ಉಬ್ಬುತ್ತಿತ್ತು, ತಂತಿ ತುಕ್ಕು ಹಿಡಿದು ಹರಿಯುತ್ತಿತ್ತು. ಆದರೂ ತರಿಸುವುದನ್ನು ಬಿಡಲಿಲ್ಲ. ಮದುವೆಗೆ ಬಂದ ಹೆಣ್ಣುಮಗಳಿಗೆ ಅದನ್ನು ನುಡಿಸಲು ಬರಬೇಕೆಂಬ ನಿರೀಕ್ಷೆ ಬೇರೆ ಇತ್ತು. ಸಂಜೆ ದೀಪ ಹಚ್ಚಿ, ಬೆವರುತ್ತ ಕೂತು, ಹ್ಯಾಂಡಲ್ ಮೊದಲಾದ ತಮ್ಮ ದೇಶದಲ್ಲಿ ಹೆಸರಾದವರ ಕೃತಿಗಳನ್ನು ನುಡಿಸುತ್ತಿದ್ದರು.

ಇದನ್ನು ಓದಿ ನಗಲು ನನಗೆ ಮನಸ್ಸಾಗಲಿಲ್ಲ. ಒಡೆಯರಾಗಿ ಬಂದವರು ಎಂಬುದನ್ನು ಒಂದು ಗಳಿಗೆ ಬದಿಗಿಟ್ಟರೆ ಅವರಲ್ಲಿ ಎಷ್ಟೋ ಹೆಣ್ಣುಮಕ್ಕಳು ತವರಿನಿಂದ ಆರು ತಿಂಗಳ ದಾರಿ ದೂರ ಬಂದವರು. ಹಿರೇಕೆರೂರಿನಿಂದ ಸೊಲ್ಲಾಪುರಕ್ಕೆ ಕೊಟ್ಟ ಹೆಣ್ಣು ಬೀಸುವ ಕಲ್ಲಿನ ಮುಂದೆ ತವರಿನ ಹಾಡು ಹಾಡಿಕೊಂಡಂತೆ ಅವರು ಆ ಪೆಟ್ಟಿಗೆಯ ಮುಂದೆ ಕೂತರು. ಅಲ್ಲಿಯೇ ಜ್ವರ ಬಂದು ತೀರಿಕೊಂಡವರೂ ಬಹಳ. ಹೊರನಾಡಿನಲ್ಲಿ ತನ್ನ ಹಾಡನ್ನು ತಾನು ಹಾಡಿಕೊಳ್ಳುವುದು ಯಾರ ಅಪರಾಧವೂ ಅಲ್ಲ. ತವರಿನ ಹಾಡಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರಶ್ನೆ ಏಳುವುದು ಆ ಕೋಣೆಯೊಳಗೆ ಎರಡನೆಯ ಹಾಡು ಬಂದಾಗ. 1780ರ ದಶಕದಲ್ಲಿ ಕೆಲವು ಇಂಗ್ಲಿಷ್ ಹೆಣ್ಣುಮಕ್ಕಳಿಗೆ ಹಿಂದೂಸ್ಥಾನದ ಹಾಡುಗಳನ್ನು ಸಂಗ್ರಹಿಸುವ ಹಂಬಲ ಹುಟ್ಟಿತು. ಅವರಲ್ಲಿ ಮಾರ್ಗರೆಟ್ ಫೌಕ್ ಒಬ್ಬಳು. ಅವಳ ಅಣ್ಣ ಕಾಶಿಯಲ್ಲಿ ಕಂಪನಿಯ ರೆಸಿಡೆಂಟ್. ಸೋಫಿಯಾ ಪ್ಲೌಡನ್ ಎಂಬ ಇನ್ನೊಬ್ಬಳು ಲಖನೌದಲ್ಲಿ ಖಾನುಂ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಬರೆಸಿಕೊಂಡಳು. ಆ ಸಂಗ್ರಹ ಇಂದಿಗೂ ಕೇಂಬ್ರಿಜಿನ ವಸ್ತುಸಂಗ್ರಹಾಲಯದಲ್ಲಿದೆ. 1789ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಎಂಬವನು ಇಂಥ ಹಾಡುಗಳನ್ನು ಹಾರ್ಪ್ಸಿಕಾರ್ಡಿಗೆ ಹೊಂದಿಸಿ ಕಲಕತ್ತೆಯಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದ.

ಮಾರ್ಗರೆಟ್ ಫೌಕ್ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನಿಗೆ ಬರೆದ ಪತ್ರದಲ್ಲಿ ಒಂದು ಸಂಗತಿ ಬರುತ್ತದೆ. ಅವಳು ಹಾಡುವವರನ್ನೂ ವಾದ್ಯದವರನ್ನೂ ಮನೆಗೆ ಕರೆಸುತ್ತಿದ್ದಳು. ತಾನೂ ಅವರ ಮೇಳದಲ್ಲಿ ಸೇರಿ ನುಡಿಸಬೇಕೆಂದು ಅವರ ವಾದ್ಯಗಳನ್ನು ತನ್ನ ಹಾರ್ಪ್ಸಿಕಾರ್ಡಿನ ಶ್ರುತಿಗೆ ಕೂಡಿಸಿಕೊಳ್ಳಲು ಹೇಳುತ್ತಿದ್ದಳು. ಅವರು ಹಾಗೆ ಮಾಡಿದರು, ಬಹಳ ಸಂತೋಷದಿಂದ ಹಾಡಿದರು, ಆ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು ಎಂದು ಅವಳು ಬರೆದಿದ್ದಾಳೆ.

ಈ ಸಂಗತಿಯನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕೂತೆ. ಇದರಲ್ಲಿ ಕೆಟ್ಟದ್ದು ಏನಿದೆ? ಏನೂ ಇಲ್ಲವೆಂದೇ ಮೊದಲು ಅನ್ನಿಸುತ್ತದೆ. ಅವಳು ದರ್ಪದ ಹೆಣ್ಣಲ್ಲ. ಉಳಿದ ಬಿಳಿಯರು ನಮ್ಮ ಸಂಗೀತವನ್ನು ಗದ್ದಲವೆಂದು ಕಿವಿ ಮುಚ್ಚಿಕೊಂಡಾಗ ಅವಳು ಕಿವಿ ತೆರೆದಳು, ಸ್ವರಗಳನ್ನು ಕೇಳಿದ ಹಾಗೆಯೇ ಬರೆದುಕೊಳ್ಳಲು ಹೆಣಗಿದಳು. ಹಾರ್ಪ್ಸಿಕಾರ್ಡಿಗೆ ಹತ್ತಾರು ತಂತಿಗಳು. ಅಷ್ಟನ್ನೂ ಬಿಗಿದು ಸರಿಪಡಿಸಲು ಬಹಳ ಹೊತ್ತು ಹಿಡಿಯುತ್ತದೆ. ಸಾರಂಗಿಯ ಮುಖ್ಯ ತಂತಿಯ ಬಿರಡೆ ತಿರುವಲು ಎರಡು ಮಿನಿಟು ಸಾಕು. ಯಾರಿಗೆ ಸುಲಭವೋ ಅವರು ಬಾಗಿದರು. ಅನುಕೂಲದ ಮಾತು, ಅಷ್ಟೇ.

ಅನುಕೂಲ ಎಂಬ ಮಾತನ್ನು ಮಾತ್ರ ನಾನು ಎಂದೂ ಪೂರ್ತಿ ನಂಬುವುದಿಲ್ಲ. ಅದರ ಬೆನ್ನ ಹಿಂದೆ ಸಾಮಾನ್ಯವಾಗಿ ಯಾರಾದರೊಬ್ಬರು ನಿಂತಿರುತ್ತಾರೆ. ಆ ಕೋಣೆಯಲ್ಲಿ ಕರೆಸಿದವಳು ಅವಳು, ದುಡ್ಡು ಕೊಡುವವಳು ಅವಳು, ರೆಸಿಡೆಂಟನ ತಂಗಿ ಅವಳು. ಬಾಗುವುದಿಲ್ಲ ಎನ್ನುವ ಧೈರ್ಯ ಸಾರಂಗಿಯವನಿಗೆ ಇರುವುದು ಸಾಧ್ಯವೇ? ಅವನ ಮುಖದ ಸಂತೋಷ ನಿಜವೇ ಇರಬಹುದು. ಆದರೆ ಸಂತೋಷ ಕಂಡಿತೆಂದ ಮಾತ್ರಕ್ಕೆ ಒಪ್ಪಿಗೆ ಇತ್ತೆಂದು ಹೇಳಲಾಗದು. ನಾವು ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬರ್ಡನ ಪುಸ್ತಕಕ್ಕೆ ಬಂದರೆ, ನಮ್ಮ ಹಾಡುಗಳಿಗೆ ನೆಟ್ಟಗಿನ ಲೆಕ್ಕ ಸಿಗುವುದಿಲ್ಲ ಎಂಬ ದೂರು ಅದರಲ್ಲಿದೆ. ಅವನು ಅವನ್ನು ಕತ್ತರಿಸಿ ತಿದ್ದಿ ತನ್ನ ಲೆಕ್ಕಕ್ಕೆ ಕೂಡಿಸಿದ. ಜಾರುವ ಸ್ವರಕ್ಕೆ ಅವನ ಪೆಟ್ಟಿಗೆಯಲ್ಲಿ ಮನೆ ಇರಲಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಜಿಗಿಯಬಹುದು, ನಡುವಿನ ಓಣಿಯಲ್ಲಿ ನಡೆಯುವಂತಿಲ್ಲ. ಮೀಂಡು, ಗಮಕ ಎಂದು ನಾವು ಕರೆಯುವುದೆಲ್ಲ ಆ ಓಣಿಯಲ್ಲಿಯೇ ಇರುವುದು. ಆದ್ದರಿಂದ ಆ ಪುಸ್ತಕದಲ್ಲಿ ಹಾಡಿನ ಎಲುಬು ಉಳಿಯಿತು, ಹಾಡಿನ ನಡಿಗೆ ಉಳಿಯಲಿಲ್ಲ.

ಶ್ರುತಿಯ ಮಾತಿನಲ್ಲಿ ಕತ್ತಿಯ ಮಾತು ಎಷ್ಟು ಹತ್ತಿರ ಬರುತ್ತದೆ ಎಂಬುದಕ್ಕೆ ನಮ್ಮ ನಾಡಿನದೇ ಒಂದು ವಸ್ತು ಸಾಕ್ಷಿ. ಸವಣೂರಿನವರಿಗೆ ಟೀಪುವಿನ ಹೆಸರು ಹೊಸದಲ್ಲ. ಹೈದರನ ಕಾಲದಲ್ಲಿ ಬೀಗತನ ಬೆಳೆದ ಈ ನವಾಬರ ಊರನ್ನು 1786ರಲ್ಲಿ ಟೀಪು ವಶಪಡಿಸಿಕೊಂಡ. ಅದೇ ಟೀಪುವಿನ ಹತ್ತಿರ ಕಟ್ಟಿಗೆಯ ಹುಲಿಯೊಂದಿತ್ತು. ಕೆಳಗೆ ಬಿದ್ದ ಬಿಳಿಯನ ಮೇಲೆ ಆ ಹುಲಿ ಏರಿ ಕೂತಿದೆ. ಅದರ ಹೊಟ್ಟೆಯೊಳಗೆ ಯುರೋಪಿನ ಮಾದರಿಯ ಸಣ್ಣ ಆರ್ಗನ್ ವಾದ್ಯವಿದೆ. ಹಿಡಿಕೆ ತಿರುವಿದರೆ ಹುಲಿ ಗುರುಗುಡುತ್ತದೆ, ಮನುಷ್ಯ ನರಳುತ್ತಾನೆ. ಬಿಳಿಯರ ವಾದ್ಯದಿಂದಲೇ ಬಿಳಿಯರನ್ನು ಅಣಕಿಸಿದ ಹಾಗಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಹುಲಿ ಲಂಡನ್ನಿಗೆ ಹೋಯಿತು. ಅಲ್ಲಿ ಕಂಪನಿಯ ಗ್ರಂಥಾಲಯದಲ್ಲಿ ನೋಡಲು ಬಂದವರೆಲ್ಲ ಹಿಡಿಕೆ ತಿರುವಿ ತಿರುವಿ ಓದುವವರ ತಲೆ ತಿಂದರಂತೆ. ಈಗ ಅದು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಜಿಯಮ್ಮಿನಲ್ಲಿದೆ. ಹಿಡಿಕೆ ಯಾರ ಕೈಯಲ್ಲಿದೆಯೋ ವಾದ್ಯ ಅವರ ಮಾತನ್ನು ಆಡುತ್ತದೆ.

ಹಾಗಾದರೆ ಗೆದ್ದವರ ಸಾಮಾನಿನ ಜೊತೆ ಬಂದದ್ದನ್ನೆಲ್ಲ ದೂರ ಇಡಬೇಕೆ? ಇದಕ್ಕೆ ಮದರಾಸಿನಿಂದ ಒಂದು ಉತ್ತರ ಬರುತ್ತದೆ. ಮುತ್ತುಸ್ವಾಮಿ ದೀಕ್ಷಿತರ ಕುಟುಂಬಕ್ಕೆ ಮಣಲಿಯ ಮೊದಲಿಯಾರ್ ಮನೆತನದ ಆಶ್ರಯವಿತ್ತು. ಕಂಪನಿಯ ಜೊತೆ ವ್ಯವಹಾರವಿದ್ದ ಆ ಮನೆಯವರು ದೀಕ್ಷಿತ ಸೋದರರನ್ನು ಸೇಂಟ್ ಜಾರ್ಜ್ ಕೋಟೆಗೆ ಕರೆದೊಯ್ದು ಬಿಳಿಯರ ಬ್ಯಾಂಡು ಕೇಳಿಸಿದರು. ಕಿರಿಯ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ಒಬ್ಬನಿಂದ ಪಿಟೀಲು ಕಲಿತರು. ಮುತ್ತುಸ್ವಾಮಿ ದೀಕ್ಷಿತರು ಆ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ನೊಟ್ಟುಸ್ವರಗಳೆಂದು ಹೆಸರಾದ ಇವು ಸುಮಾರು 40 ಇವೆ. ಇಂಗ್ಲೆಂಡಿನ ರಾಜಗೀತೆಯ ಧಾಟಿಗೆ ಶ್ಯಾಮಲಾದೇವಿಯ ಸ್ತುತಿ ಕೂತಿದೆ!

ಬಾಲುಸ್ವಾಮಿಯವರ ಕೆಲಸ ನನಗೆ ಇನ್ನೂ ದೊಡ್ಡದೆನ್ನಿಸುತ್ತದೆ. ಬಿಳಿಯರು ಆ ವಾದ್ಯವನ್ನು ನಿಂತು, ಗದ್ದದ ಕೆಳಗೆ ಒತ್ತಿ ಹಿಡಿದು ನುಡಿಸುತ್ತಿದ್ದರು. ಕರ್ನಾಟಕ ಸಂಗೀತದವರು ನೆಲಕ್ಕೆ ಕೂತು, ಅದರ ತುದಿಯನ್ನು ಬಲಗಾಲಿನ ಹರಡಿನ ಮೇಲಿಟ್ಟರು. ಎಡಗೈಗೆ ಅದನ್ನು ಹಿಡಿದು ನಿಲ್ಲಿಸುವ ಕೆಲಸ ತಪ್ಪಿತು, ತಂತಿಯ ಮೇಲೆ ಜಾರಲು ಬಿಡುವು ಸಿಕ್ಕಿತು. ನಾಲ್ಕು ತಂತಿಗಳನ್ನು ಸ-ಪ-ಸ-ಪ ಎಂದು ಹಾಡುವವರ ಶ್ರುತಿಗೆ ಕೂಡಿಸಿದರು. ಪಿಟೀಲಿಗೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಬೇಕಾದರೂ ಹೋಗಬಹುದು, ಆದ್ದರಿಂದ ಅದು ನಮ್ಮ ಓಣಿಗಳಲ್ಲಿ ನಡೆಯಲು ಕಲಿಯಿತು. ಇಂದು ಅದಿಲ್ಲದ ಕರ್ನಾಟಕ ಸಂಗೀತದ ಕಚೇರಿಯನ್ನು ನೆನೆಯುವುದೇ ಕಷ್ಟ. ಬಾಲುಸ್ವಾಮಿಯವರಿಗೆ ಯಾರೂ ಇದನ್ನು ಮಾಡೆಂದು ಅಪ್ಪಣೆ ಮಾಡಿರಲಿಲ್ಲ. ಕೇಳಿದರು, ಮೆಚ್ಚಿದರು, ವರ್ಷಗಟ್ಟಲೆ ದುಡಿದು ಪಡೆದರು. ಬನಾರಸಿನ ಸಾರಂಗಿಯವನಿಗೂ ಇವರಿಗೂ ಇರುವ ಅಂತರ ಇದೇ. ಇಬ್ಬರೂ ಪರರ ಸಂಗೀತದ ಹತ್ತಿರ ಹೋದರು. ಒಬ್ಬನನ್ನು ಕರೆಸಿ ಬಾಗಿಸಲಾಯಿತು, ಇನ್ನೊಬ್ಬರು ತಾವಾಗಿ ಹೋಗಿ ತಂದರು.

ಈಗ ನಮ್ಮ ಕಡೆಗೆ ಬರೋಣ. ಜರ್ಮನಿ, ಸ್ವಿಟ್ಜರ್ಲೆಂಡುಗಳ ಜನರ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, ಬಳಿಕ ಹುಬ್ಬಳ್ಳಿ, ಬೆಟಗೇರಿಗಳಿಗೆ ಬಂತು. ಅವರ ಜೊತೆ ಅವರ ಪ್ರಾರ್ಥನೆಯ ಧಾಟಿಗಳೂ ಬಂದವು. ಜರ್ಮನ್ ಧಾಟಿಗೆ ಕನ್ನಡ ಪದ ಕೂಡಿಸಿ ಹಾಡಿಸಿದರು. ಅಲ್ಲಿ ಕನ್ನಡವೇ ಬಾಗಬೇಕಾಯಿತು, ದೀರ್ಘ ಬೇಕಾದಲ್ಲಿ ಹ್ರಸ್ವ, ಹ್ರಸ್ವ ಇದ್ದಲ್ಲಿ ಎಳೆತ. ಆದರೆ ಅದೇ ಮಿಶನ್ನಿನಲ್ಲಿ 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಇದ್ದರು. ಅವರು ಕ್ರಿಸ್ತನ ಕತೆಯನ್ನು ನಮ್ಮ ಛಂದಸ್ಸಿನ ಧಾಟಿಯಲ್ಲಿಯೇ ಬರೆದು 1862ರಲ್ಲಿ 'ಕಥಾಮಾಲೆ' ಎಂದು ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಸಂಪಾದಿಸಿದರು, 1894ರಲ್ಲಿ ನಿಘಂಟನ್ನು ಕೊಟ್ಟರು. ತನ್ನ ಧರ್ಮವನ್ನು ಹೇಳಲೆಂದೇ ಬಂದ ಮನುಷ್ಯ, ಅದನ್ನು ಬಿಟ್ಟವರಲ್ಲ. ಆದರೆ ಹೇಳುವ ಮೊದಲು ಕೇಳುವವರ ಶ್ರುತಿ ಯಾವುದೆಂದು ತಿಳಿಯಲು ಅರ್ಧ ಆಯುಷ್ಯ ಕೊಟ್ಟರು. ಬಲವುಳ್ಳವರೂ ಬಾಗಬಲ್ಲರು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಬೇಕಿಲ್ಲ.

ಪೇಟಿಯದು ಇವೆರಡರ ನಡುವಿನ ಕತೆ. ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸಿನಲ್ಲಿ. ಕಾಲಿನಿಂದ ಗಾಳಿ ಊದುವ ಆ ಪೆಟ್ಟಿಗೆಯನ್ನು ಪಾದ್ರಿಗಳು ತಂದರು, ಸಾಹೇಬರೂ ತಂದರು. ಕುರ್ಚಿಯ ಮೇಲೆ ಕೂಡದ ನಮ್ಮ ಹಾಡುಗಾರರಿಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ಅದರ ಕಾಲು ಕತ್ತರಿಸಿ, ಭಾತೆಯನ್ನು ಬೆನ್ನಿಗೆ ಹಚ್ಚಿ, ಒಂದು ಕೈಯಿಂದ ಊದಿ ಇನ್ನೊಂದರಿಂದ ನುಡಿಸುವ ಹಾಗೆ ಮಾಡಿದರು. ಕೂರುವ ರೀತಿಯಲ್ಲಿ ಪೇಟಿ ನಮಗೆ ಬಾಗಿತು. ಸ್ವರದಲ್ಲಿ ಬಾಗಲಿಲ್ಲ. ಅದರಲ್ಲಿಯೂ ಒಂದು ಸಪ್ತಕಕ್ಕೆ ಹನ್ನೆರಡೇ ಮನೆ, ನಡುವೆ ಓಣಿ ಇಲ್ಲ.

ಇದೇ ಕಾರಣಕ್ಕೆ ಅದರ ಮೇಲೆ ಸಿಟ್ಟಾದವರು ಬಹಳ ಜನ. ರವೀಂದ್ರನಾಥ ಟಾಗೋರರು ಪೇಟಿಯನ್ನು ಒಲ್ಲೆನೆಂದರು. ದಿಲ್ಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಕಾರನೂ ಇದು ಭಾರತದ ಸಂಗೀತವನ್ನು ಕೆಡಿಸುತ್ತದೆಂದು ವಾದಿಸಿದ. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗೆ ಹಾಕಿತು. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಶುರುವಾದಾಗಲೂ ಆ ನಿಷೇಧ ಇತ್ತು, 1971ರವರೆಗೆ ಇತ್ತು. ಫೌಲ್ಡ್ಸ್ ಹೇಳಿದ್ದು ಸುಳ್ಳಲ್ಲ. ಆದರೆ ಆ ಮೂವತ್ತು ವರ್ಷ ದೊಡ್ಡವರು ಇದರ ಶಾಸ್ತ್ರ ಚರ್ಚಿಸುತ್ತಿದ್ದಾಗ ನಮ್ಮ ಹಳ್ಳಿಗಳಲ್ಲಿ ಪೇಟಿ ಏನು ಮಾಡುತ್ತಿತ್ತು ಎಂಬುದನ್ನೂ ನೋಡಬೇಕು.

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಕುರುಡು ಬಾಲಕ ಗದಿಗೆಯ್ಯ, ಹಾನಗಲ್ಲ ಕುಮಾರ ಸ್ವಾಮಿಗಳ ಕೈ ಹಿಡಿದು ಪಂಚಾಕ್ಷರಿ ಗವಾಯಿಗಳಾದರು. ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ಅವರಿಗೆ ಅನ್ನ ಹಾಕಲು ನಾಟಕದ ಕಂಪನಿಯನ್ನೂ ನಡೆಸಿ, ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬುನಾದಿ ಹಾಕಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ನಮ್ಮ ಹಾನಗಲ್ಲ ತಾಲೂಕಿನಲ್ಲಿಯೇ ಹುಟ್ಟಿದವರು, ಪೇಟಿ, ತಬಲಾ, ಪಿಟೀಲುಗಳನ್ನೆಲ್ಲ ಬಲ್ಲವರು. ಅಲ್ಲಿ ಕಲಿತು ಹೋದ ಎಷ್ಟೋ ಹುಡುಗರು ಪೇಟಿ ನುಡಿಸಿ, ಪುರಾಣ ಹೇಳಿ, ಸಂಗೀತ ಶಿಕ್ಷಕರಾಗಿ ಸಂಸಾರ ಮಾಡಿದರು. ಭಿಕ್ಷೆಯ ತಟ್ಟೆ ಹಿಡಿಯಬೇಕಾಗಿದ್ದ ಕೈಗೆ ಪೇಟಿ ಬಂತು. ಅದರಲ್ಲಿ ಸೂಕ್ಷ್ಮ ಶ್ರುತಿ ಇಲ್ಲವೆಂದು ಹೇಳಿ ಆ ಕೈಯಿಂದ ಕಸಿದುಕೊಳ್ಳುವಷ್ಟು ಶುದ್ಧರು ನಾವಾರೂ ಅಲ್ಲ.

ಆದ್ದರಿಂದ ಪರದೇಶಿ, ಸ್ವದೇಶಿ ಎಂಬ ಗೆರೆಯಿಂದ ನನ್ನ ಪ್ರಶ್ನೆ ಬಿಡಿಸಿಕೊಳ್ಳುವುದಿಲ್ಲ. ಸವಣೂರಿನ ಕಲ್ಮಠದ ದೊಡ್ಡಹುಣಸೆ ಮರಗಳು ಆಫ್ರಿಕದ ಜಾತಿಯವು. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಉರುಳಿದಾಗ ಅದನ್ನು ಎತ್ತಿ ಮತ್ತೆ ನಿಲ್ಲಿಸಿದ್ದು ನಮ್ಮ ಜನವೇ. ಬ್ಯಾಡಗಿಯ ಮೆಣಸಿನಕಾಯಿಯ ಮೂಲ ಅಮೆರಿಕ. ಶಿಗ್ಗಾವಿ ತಾಲೂಕಿನ ಶಿಶುನಾಳ ಶರೀಫರು ಪರದೇಶದ ಯಂತ್ರವಾದ ಗಿರಣಿಯ ಮೇಲೆಯೇ ತತ್ವಪದ ಕಟ್ಟಿದರು. ಎಲ್ಲಿಂದ ಬಂತೆಂಬುದು ದೊಡ್ಡ ಮಾತಲ್ಲ. ಬಂದದ್ದು ಇಲ್ಲಿಯದರ ಜೊತೆ ಹೇಗೆ ನಡೆದುಕೊಂಡಿತು, ಇಲ್ಲಿಯವರು ಇನ್ನೂ ಕೆಳಗಿನವರ ಜೊತೆ ಅದನ್ನು ಹಿಡಿದುಕೊಂಡು ಹೇಗೆ ನಡೆದುಕೊಂಡರು ಎಂಬುದು ಮಾತು.

ಈ ಕೊನೆಯ ಮಾತಿಗೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಶಾಲೆಯ ಕಾರ್ಯಕ್ರಮಕ್ಕೆ ತಾಂಡಾದ ಹುಡುಗಿಯೊಬ್ಬಳು ತಮ್ಮ ಲಂಬಾಣಿ ಹಾಡು ಹಾಡುತ್ತೇನೆಂದಳು. ಅಭ್ಯಾಸಕ್ಕೆ ಪೇಟಿ ಮಾಸ್ತರರು ಬಂದರು. ಎರಡು ದಿನ ನೋಡಿ ನನ್ನ ಹತ್ತಿರ ಬಂದು, "ಅಕ್ಕೋರ, ಆ ಹುಡಿಗಿಗೆ ಸುರ ನಿಲ್ಲೂದಿಲ್ರಿ. ಮೂರನೇ ಸಾಲಿಗೆ ಬಂದಕೂಡ್ಲೆ ಜಾರ್ತಾಳ. ತಿದ್ದಿದ್ರೂ ತಿದ್ದಿಕೊಳ್ಳವಲ್ಲಳು" ಎಂದರು.

"ಹಾಡಿನಾಗ ಜಾರೂದು ಐತೇನೋ ನೋಡೂಣು, ಮಾಸ್ತರ. ಅವರ ಆಯಿನ್ನ ಕರಸೂಣು" ಎಂದೆ.

ಮರುದಿನ ಮುದುಕಿ ಬಂದಳು. ನಾಚುತ್ತ ನಾಚುತ್ತ, ಸೆರಗು ಬಾಯಿಗೆ ಅಡ್ಡ ಹಿಡಿದು ಹಾಡಿದಳು. ಮೂರನೆಯ ಸಾಲಿಗೆ ಬಂದಾಗ ಅವಳೂ ಅಲ್ಲಿಯೇ, ಅಷ್ಟೇ ಜಾರಿದಳು. ಮಾಸ್ತರರು ಪೇಟಿಯ ಮೇಲೆ ಹುಡುಕಿದರು. ಒಂದು ಮನೆ ಒತ್ತಿದರೆ ಏರುತ್ತದೆ, ಪಕ್ಕದ್ದು ಒತ್ತಿದರೆ ಇಳಿಯುತ್ತದೆ. ಮುದುಕಿಯನ್ನು ಮತ್ತೆ ಹಾಡಿಸಿದರು. ಕಡೆಗೆ ಕೈ ತೆಗೆದು, "ಅಕ್ಕೋರ, ಇದು ಪೇಟ್ಯಾಗ ಇಲ್ರಿ. ಈ ಮನಿಗೂ ಆ ಮನಿಗೂ ನಡಕಿಂದು" ಎಂದರು.

ಒಳ್ಳೆಯ ಮನುಷ್ಯ. ಕಾರ್ಯಕ್ರಮದ ದಿನ ಅವರು ಬರೀ ಷಡ್ಜ ಒತ್ತಿಕೊಂಡು ಪೇಟಿಯನ್ನು ತಂಬೂರಿಯ ಹಾಗೆ ಹಿಡಿದು ಕೂತರು. ಹುಡುಗಿ ತನ್ನ ಓಣಿಯಲ್ಲಿ ತಾನು ನಡೆದಳು. ಸಭೆಯಲ್ಲಿ ಕೆಲವರಿಗೆ ರುಚಿಸಲಿಲ್ಲ, ಪೇಟಿ ಕೂಡಲಿಲ್ಲ ಎಂದರು. ಇರಲಿ.

ಮಾಸ್ತರರ ಪರವಾಗಿಯೂ ಹೇಳಬೇಕು. ನಲವತ್ತು ಮಕ್ಕಳು ಕೂಡಿ ಪ್ರಾರ್ಥನೆ ಹೇಳಬೇಕಾದರೆ ಒಂದು ಶ್ರುತಿ ಬೇಕೇ ಬೇಕು. ನಲವತ್ತು ಶ್ರುತಿ ಇಟ್ಟುಕೊಂಡು ಕೂಡಿ ಹಾಡಲು ಬರುವುದಿಲ್ಲ. ನಾನು ಕಲಿಸುವ ಗ್ರಂಥದ ಕನ್ನಡವೂ ಒಂದು ಪೇಟಿಯೇ. ಮನೆಯಲ್ಲಿ ಉರ್ದು ಆಡುವ ಸವಣೂರಿನ ಮಗುವಿಗೆ, ಲಂಬಾಣಿ ಆಡುವ ತಾಂಡಾದ ಮಗುವಿಗೆ, 'ಐತಿ' 'ಬರ್ತೇತಿ' ಎನ್ನುವ ಒಕ್ಕಲಿಗನ ಮಗುವಿಗೆ ಅದು ಒಂದೇ ಹನ್ನೆರಡು ಮನೆಗಳನ್ನು ತೋರಿಸುತ್ತದೆ. ಕಲಿಸದೆ ಬಿಟ್ಟರೆ ನಾಳೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಹೋದಾಗ ನಕ್ಕು ಕಳಿಸುತ್ತಾರೆ. ಪೇಟಿ ಕೊಡದೆ ಇರುವುದೂ ಅನ್ಯಾಯವೇ. ಉತ್ತರಪತ್ರಿಕೆಯಲ್ಲಿ 'ಐತಿ' ಎಂದು ಬರೆದರೆ ನಾನು ಕೆಂಪು ಗೆರೆ ಎಳೆಯುತ್ತೇನೆ, ಇನ್ನು ಮುಂದೆಯೂ ಎಳೆಯುತ್ತೇನೆ. ಆದರೆ ಮಗುವಿಗೆ ಒಂದು ಮಾತು ಹೇಳಿಯೇ ಎಳೆಯುತ್ತೇನೆ: ಇದು ಈ ಪೆಟ್ಟಿಗೆಯಲ್ಲಿಲ್ಲ, ತಪ್ಪೆಂದು ಮಾತ್ರ ತಿಳಿಯಬೇಡ. ನಿನ್ನ ಅವ್ವನ ಹತ್ತಿರ ಅದನ್ನು ಹಾಗೆಯೇ ಆಡು.

ಕೂಡಿ ಬಾಳಬೇಕಾದರೆ ಯಾರಾದರೊಬ್ಬರು ಶ್ರುತಿ ಬಿಟ್ಟುಕೊಡಬೇಕಲ್ಲ ಎಂದು ಕೇಳುವವರಿದ್ದಾರೆ. ನಿಜ, ಕೊಡಬೇಕು. ಲೋಕದ ರೂಢಿ ಎಂದರೆ ಯಾರ ಬಿರಡೆ ಸುಲಭವಾಗಿ ತಿರುಗುತ್ತದೆಯೋ ಅವರನ್ನೇ ತಿ­ರುಗಿಸುವುದು. ಬಡವರ, ಹೆಣ್ಣುಮಕ್ಕಳ, ಮಕ್ಕಳ ಬಿರಡೆ ಸುಲಭವಾಗಿ ತಿರುಗುತ್ತದೆ. ನನ್ನ ಮಟ್ಟಿಗೆ ನ್ಯಾಯ ಇದಕ್ಕೆ ವಿರುದ್ಧವಾಗಿದೆ. ಬಾಗದೆಯೂ ನಡೆಯುತ್ತದೆ ಎಂಬ ಸ್ಥಿತಿಯಲ್ಲಿ ಯಾರು ಇದ್ದಾರೋ ಅವರು ಮೊದಲು ಬಾಗಿ ನೋಡಬೇಕು. ಪೂರ್ತಿ ಬಾಗಲು ಆಗದಿದ್ದರೆ, ಹಾನಿ ಇಲ್ಲ, ಆ ಮಾಸ್ತರರ ಹಾಗೆ ಒಂದು ಷಡ್ಜ ಹಿಡಿದು ಸುಮ್ಮನೆ ಕೂರಬಹುದು. ಎರಡು ಸಂಗೀತಗಳು, ಎರಡು ಭಾಷೆಗಳು, ಎರಡು ಮನೆತನಗಳು ಕೂಡಿದಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಈಗ ಇದೊಂದೇ: ಬಲವುಳ್ಳವರ ಕಡೆಯ ಒಂದಾದರೂ ತಂತಿ ಅಲುಗಿತೇ? ಕಿಟೆಲ್ಲರ ಕಡೆ ಅಲುಗಿತು. ಮಾರ್ಗರೆಟ್ ಫೌಕಳ ಅಷ್ಟೊಂದು ಪ್ರೀತಿಯ ನಡುವೆಯೂ ಅವಳ ಹಾರ್ಪ್ಸಿಕಾರ್ಡಿನ ಒಂದು ತಂತಿಯೂ ಅಲುಗಲಿಲ್ಲ.

ಆದರೂ ಆ ಸಾರಂಗಿಯವನ ಬಗ್ಗೆ ನನಗೆ ಬಹಳ ಚಿಂತೆ ಇಲ್ಲ. ಕಸಬು ಬಲ್ಲ ದೊಡ್ಡ ಮನುಷ್ಯ ಅವನು. ಬಂಗಲೆಯ ಮೆಟ್ಟಿಲು ಇಳಿದು ಮನೆಗೆ ಹೋಗಿ ಬಿರಡೆಯನ್ನು ಹಿಂದಕ್ಕೆ ತಿರುವಿಕೊಂಡರೆ ಅವನ ಶ್ರುತಿ ಅವನಿಗೆ ಸಿಗುತ್ತದೆ. ಏಳು ವರ್ಷದ ಮಗುವಿನ ಕಿವಿಗೆ ಅಂಥ ಬಿರಡೆ ಇಲ್ಲ. ಒಮ್ಮೆ ನಾವು ತಿರುವಿಬಿಟ್ಟರೆ, ಅದು ಮನೆಗೆ ಹೋದಾಗ ತನ್ನ ಆಯಿಯ ಹಾಡೇ ಅದಕ್ಕೆ ಅಪಸ್ವರವಾಗಿ ಕೇಳಿಸುತ್ತದೆ.